ಹಳೆಯ ಮನೆ, ಮನೆತನದ ಮೂಲ ಮತ್ತು ನಮ್ಮ ಖಾತೆ

ನಮ್ಮ ಸಂಘಕ್ಕೆ ಬೆಳೆಸಾಲದ ಅರ್ಜಿ ಹಿಡಿದು ಬರುವ ಸದಸ್ಯರಲ್ಲಿ ಅನೇಕರ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಕೆಲವರದು ಮುತ್ತಜ್ಜನ ಹೆಸರಿನಲ್ಲಿ. ತೋಟಕ್ಕೆ ಮದ್ದು ಹೊಡೆಸುವವರು, ಕಂದಾಯ ಕಟ್ಟುವವರು ಇವರೇ; ಕಾಗದದಲ್ಲಿ ಮಾತ್ರ ಇವರಿಲ್ಲ. ಪೌತಿ ಖಾತೆ ಮಾಡಿಸಿಕೊಳ್ಳಿ ಎಂದರೆ ವಂಶವೃಕ್ಷದ ಪ್ರಶ್ನೆ ಬರುತ್ತದೆ. ಅಜ್ಜನಿಗೆ ಎಷ್ಟು ಮಂದಿ ಅಣ್ಣತಮ್ಮಂದಿರು? ದತ್ತು ಹೋದವರು ಯಾರು? ಘಟ್ಟದ ಕೆಳಗೆ ಕೊಟ್ಟ ಅತ್ತೆಯ ಮಕ್ಕಳು ಎಲ್ಲಿದ್ದಾರೆ? ಅಲ್ಲಿಗೆ ಹೆಚ್ಚಿನವರ ಬರವಣಿಗೆ ನಿಂತುಹೋಗುತ್ತದೆ.

ಇದನ್ನು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಹಳೆಯ ಮನೆ ಕಳಚಿ ತೊಲೆ ಕಂಬಗಳನ್ನು ಮಾರುವುದೂ ಹೆಚ್ಚುತ್ತಿದೆ. ಮನೆ ಹೋದರೆ ಅದರೊಡನೆ ಮನೆತನದ ಅರ್ಧ ದಾಖಲೆ ಹೋದಂತೆಯೇ. ಆದುದರಿಂದ ಮನೆತನದ ಮೂಲವನ್ನು ಹುಡುಕುವ ಕ್ರಮವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಮನೆಯೇ ಮೊದಲ ದಾಖಲೆ

ನಮ್ಮ ಸೀಮೆಯಲ್ಲಿ ಮನೆಗೂ ಮನೆತನಕ್ಕೂ ಹೆಸರು ಒಂದೇ. ಕೊಡಗಿನಲ್ಲಿ ಪ್ರತಿಯೊಂದು ಒಕ್ಕಕ್ಕೂ ಒಂದು ಐನ್‌ಮನೆ. ಅದರ ನೆಲ್ಲಕ್ಕಿ ನಡುಬಾಡೆ, ಮುಂದಿನ ಐಮರ, ಹತ್ತಿರದ ಕೈಮಡ, ಇವೆಲ್ಲ ಒಕ್ಕದ ಎಲ್ಲ ಕವಲುಗಳಿಗೂ ಸೇರಿದವು. ಕಾರಣನಿಗೆ ಎಡೆ ಇಡುವ ದಿನ ಯಾರು ಯಾರು ಬಂದು ಸೇರುತ್ತಾರೆಂದು ಬರೆದುಕೊಂಡರೆ ಕವಲುಗಳ ಪಟ್ಟಿ ಅರ್ಧ ಸಿದ್ಧವಾದಂತೆ.

ತುಳುನಾಡಿನ ಗುತ್ತಿನ ಮನೆಗಳ ಮಾತು ಬೇರೆ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯೂ ಯಜಮಾನಿಕೆಯೂ ತಾಯಿಯ ಕಡೆಯಿಂದ ಇಳಿದುಬಂದವು. ಅಲ್ಲಿ ತಂದೆ, ತಂದೆಯ ತಂದೆ ಎಂದು ಹುಡುಕುತ್ತ ಹೋದರೆ ಬೇರೆಯವರ ಮನೆ ಸೇರುತ್ತೇವೆ. ಅಜ್ಜಿ, ಅವಳ ತಾಯಿ, ಅವಳ ಸೋದರಮಾವ ಎಂದೇ ಹೋಗಬೇಕು. 1949ರ ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ನಂತರ ಕ್ರಮ ಬದಲಾಯಿತು. ಅದಕ್ಕೂ ಹಿಂದಿನ ಪಾಲುಪಟ್ಟಿ ಓದುವಾಗ ಇದನ್ನು ಮರೆಯಬಾರದು.

ಮಲೆನಾಡಿನ ತೊಟ್ಟಿಮನೆಯಲ್ಲಿ ಗೋಡೆಗಳೇ ಕಥೆ ಹೇಳುತ್ತವೆ. ಒಂದೇ ಜಗಲಿಗೆ ಎರಡು ಬಾಗಿಲು, ಒಂದೇ ತೊಟ್ಟಿಗೆ ಎರಡು ಅಡಿಗೆಮನೆ, ನಡುವೆ ಎದ್ದ ಹೊಸ ಗೋಡೆ: ಇವು ಅಣ್ಣತಮ್ಮಂದಿರು ಬೇರೆಯಾದ ಗುರುತು. ಪಾಲಾದದ್ದು ಯಾವಾಗ ಎಂದು ಗೊತ್ತಾದರೆ ಆ ಕಾಲದ ಪತ್ರವನ್ನು ಹುಡುಕುವುದು ಸುಲಭ.

ಕಾಲ ತಿಳಿಯುವ ಬಗೆ

ಮಂಗಳೂರು ಹೆಂಚಿನಿಂದ ಬಹಳ ಮಂದಿ ಮೋಸ ಹೋಗುತ್ತಾರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹೆಂಚಿನ ಮೇಲೆ 1865 ಎಂದು ಅಚ್ಚಿದ್ದರೆ ಅದು ಕಾರ್ಖಾನೆ ಆರಂಭವಾದ ವರ್ಷ, ಮನೆ ಕಟ್ಟಿದ ವರ್ಷವಲ್ಲ. ಕಾಮನ್‌ವೆಲ್ತ್ ಎಂಬ ಹೆಸರಿದ್ದರೆ ಆ ಹೆಂಚು ಮೊದಲ ಮಹಾಯುದ್ಧದ ನಂತರದ್ದು. ಯುದ್ಧಕಾಲದಲ್ಲಿ ಮಿಶನ್ನಿನ ಕಾರ್ಖಾನೆಗಳು ಕೈಬದಲಾದವು. ಮತ್ತೊಂದು ಮಾತು. ಹುಲ್ಲು ಹೊದಿಸಿದ ಮನೆಗೆ ಎಷ್ಟೋ ವರ್ಷಗಳ ನಂತರ ಹೆಂಚು ಹೊದಿಸಿದ್ದುಂಟು. ಆದ್ದರಿಂದ ಹೆಂಚು ಮಾಡಿನ ವಯಸ್ಸು ಹೇಳುತ್ತದೆಯೇ ಹೊರತು ಗೋಡೆಯ ವಯಸ್ಸನ್ನಲ್ಲ.

ಹಳೆಯ ಪತ್ರಗಳಲ್ಲಿ ಇಸವಿಗಿಂತ ಸಂವತ್ಸರದ ಹೆಸರೇ ಹೆಚ್ಚು. ಶಕವರ್ಷ ಇದ್ದರೆ 78 ಕೂಡಿಸಿದರೆ ಸರಿಸುಮಾರಾಗಿ ಇಸವಿ ಸಿಗುತ್ತದೆ. ಬರೀ ಸಂವತ್ಸರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬ ಎಚ್ಚರ ಬೇಕು. ಈಶ್ವರ ಸಂವತ್ಸರ 1817ರಲ್ಲೂ 1877ರಲ್ಲೂ 1937ರಲ್ಲೂ ಆರಂಭವಾಯಿತು. ಹಿರಿಯರು "ಧಾತು ಈಶ್ವರದ ಬರದಲ್ಲಿ ಬಂದವರು ನಾವು" ಎಂದರೆ ಅದು 1876–78ರ ಮಹಾಕ್ಷಾಮ. ಹೀಗೆ ಊರಿನ ನೆನಪನ್ನು ವರ್ಷಕ್ಕೆ ಕಟ್ಟಬಹುದು.

ಮೆತ್ತಿನ ಮೇಲಿನ ಪೆಟ್ಟಿಗೆ

ಮೆತ್ತು, ನಾಗಂದಿಗೆ, ದೇವರ ಮನೆಯ ಪೆಟ್ಟಿಗೆ, ಇಲ್ಲಿ ಸಿಗುವ ಯಾವ ಕಾಗದವನ್ನೂ ರದ್ದಿ ಎಂದು ಎಸೆಯಬೇಡಿ. ಪಾಲುಪಟ್ಟಿ, ಕ್ರಯಪತ್ರ, ಮೂಲಗೇಣಿ ಚೀಟಿ, ಕಂದಾಯದ ರಸೀದಿ, ಮದುವೆಯ ಉಡುಗೊರೆ ಲೆಕ್ಕ, ಜಾತಕ, ಶ್ರಾದ್ಧದ ತಿಥಿ ಪಟ್ಟಿ, ಎಲ್ಲದರಲ್ಲೂ ಹೆಸರುಗಳಿವೆ. ಶ್ರಾದ್ಧದಲ್ಲಿ ಮೂರು ತಲೆಯ ಹೆಸರು ಹೇಳುವ ಪದ್ಧತಿ ಇರುವ ಮನೆಗಳಲ್ಲಿ ಪುರೋಹಿತರ ಪುಸ್ತಕವನ್ನೂ ಕೇಳಿ ನೋಡಬಹುದು. 1942ರ ಕಾಫಿ ಕಾಯಿದೆಯ ಮೇರೆಗೆ ತೋಟ ನೋಂದಾಯಿಸಿದ ಕಾಗದ ಹಾಗೂ ಪೂಲ್ ಕಾಲದ ಹಣದ ಚೀಟಿಗಳಲ್ಲಿ ಆಗ ತೋಟ ಯಾರ ಹೆಸರಿನಲ್ಲಿತ್ತೆಂಬುದು ತಿಳಿಯುತ್ತದೆ.

ಕಪ್ಪು ಬಟ್ಟೆಯ ಮಡಿಕೆಯಂತಹ ಕಡತ ಸಿಕ್ಕಿದರೆ ಒರೆಸಬೇಡಿ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೆದ ಲೆಕ್ಕ ಅದು. ಒದ್ದೆ ಬಟ್ಟೆ ತಾಗಿದರೆ ಎಲ್ಲವೂ ಹೋಯಿತು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದು ಚರಿತ್ರೆಗೆ ದೊಡ್ಡ ಆಧಾರವಾಗಿವೆ. ಮೋಡಿ ಅಕ್ಷರವಾಗಲಿ ತಿಗಳಾರಿ ಲಿಪಿಯಾಗಲಿ ಓದಲು ಬಾರದಿದ್ದರೆ, ಫೋಟೋ ತೆಗೆಸಿ ಓದಬಲ್ಲವರಿಗೆ ತೋರಿಸಿ. ಮೂಲ ಪ್ರತಿ ಮನೆಯಲ್ಲೇ ಇರಲಿ.

ಸರ್ಕಾರದ ದಾಖಲೆಗಳು

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಸರ್ವೆ ಸೆಟ್ಲ್‌ಮೆಂಟಿನ ಪುಸ್ತಕಗಳ ದೃಢೀಕೃತ ನಕಲು ಕೇಳಬಹುದು. ಇಂದಿನ ಪಹಣಿಯಿಂದ ಆರಂಭಿಸಿ ಒಂದೊಂದೇ ಮ್ಯುಟೇಶನ್ ಹಿಡಿದು ಹಿಂದಕ್ಕೆ ಹೋಗುವುದು ಕ್ರಮ. ನಡುವೆ ಒಂದು ಬಿಟ್ಟರೂ ಕೊಂಡಿ ಕಳಚುತ್ತದೆ. ಗೇಣಿ ಜಮೀನಾಗಿದ್ದರೆ ಭೂನ್ಯಾಯಮಂಡಲಿಯ ಕಡತವನ್ನು ಅವಶ್ಯ ನೋಡಿ. 1974ರ ಮಾರ್ಚ್ 1ರ ನಂತರ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿ ಮತ್ತು ಹೇಳಿಕೆಗಳಲ್ಲಿ ಎಷ್ಟೋ ಸಲ ಅಜ್ಜನ ಕಾಲದ ಕಥೆಯೇ ಇರುತ್ತದೆ.

ಕೊಡಗಿನ ಜಮ್ಮಾ ಭೂಮಿಯಲ್ಲಿ ಪಟ್ಟೆದಾರನ ಹೆಸರು ಮುಂದೆ ನಿಂತಿರುವುದರಿಂದ, ಅವನೊಬ್ಬನೇ ಮೂಲಪುರುಷನೆಂದು ತಿಳಿಯಬಾರದು. ಒಕ್ಕದ ಪರವಾಗಿ ನಿಂತ ಹಿರಿಯನ ಹೆಸರು ಅದು. ಅಲ್ಲಿ ಲಿಂಗರಾಜೇಂದ್ರನ ಆಳ್ವಿಕೆಯ (1811–1820) ಶಿಸ್ತಿನವರೆಗೂ ಹಿಂದಕ್ಕೆ ಹೋದ ಮನೆಗಳುಂಟು.

ಊರಿನ ಚರಿತ್ರೆ

ಕೆಳದಿ ಸೀಮೆಯವರಿಗೆ ಶಿವಪ್ಪನಾಯಕನ ಶಿಸ್ತು ಗೊತ್ತೇ ಇದೆ. ಅಡಿಕೆ ತೋಟ ಅಳೆಯುವ ಕೋಲು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮೆಟ್ಟಿಲ ಕಲ್ಲಿನ ಉದ್ದಕ್ಕೆ ಸಮನಾಗಿತ್ತೆಂದೂ ಅದು 18 ಅಡಿ 6 ಅಂಗುಲವೆಂದೂ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ನಮ್ಮ ತೋಟಗಳ ಲೆಕ್ಕ ಅಷ್ಟು ಹಿಂದಿನದು. ರೈಸರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಕೊಡಗು, ಕಡೂರು (ಇಂದಿನ ಚಿಕ್ಕಮಗಳೂರು), ಶಿವಮೊಗ್ಗ ಜಿಲ್ಲೆಗಳ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದೆ. ನಿಮ್ಮ ಊರಿನ ವೀರಗಲ್ಲು ಅಲ್ಲಿದೆಯೇ ನೋಡಿ. ಬಯಲುಸೀಮೆಯಿಂದ ಬಂದ ಮನೆತನವಾದರೆ ಮೂಲದ ಊರಿಗೆ ಬರುವ ಹೆಳವರನ್ನು ಕೇಳಿ. ತಲೆತಲಾಂತರದ ವಂಶಾವಳಿ ಹೇಳುವುದೇ ಅವರ ಕುಲವೃತ್ತಿ.

ಮೂರು ಎಚ್ಚರಿಕೆಗಳು

ಒಂದು: ಹೆಸರು ಒಂದೇ ಎಂದ ಮಾತ್ರಕ್ಕೆ ಮನುಷ್ಯ ಒಬ್ಬನೇ ಅಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ, 1880ರ ಪತ್ರದ ತಿಮ್ಮಪ್ಪನೂ 1930ರ ಪತ್ರದ ತಿಮ್ಮಪ್ಪನೂ ಅಜ್ಜ ಮೊಮ್ಮಕ್ಕಳೇ ಇರಬಹುದು. ತಲೆಮಾರಿಗೆ 25–30 ವರ್ಷದ ಲೆಕ್ಕ ಹಾಕಿ ನೋಡಬೇಕು. ಊರಿನ ಶಾಸನದಲ್ಲಿ ಒಂದು ಹೆಸರು ಕಂಡೊಡನೆ ಅದು ನಮ್ಮ ಮೂಲಪುರುಷನೆಂದು ಹೇಳಿಕೊಳ್ಳುವುದಂತೂ ಬೇಡ. ನಡುವಿನ ಕೊಂಡಿ ಇರಬೇಕು.

ಎರಡು: ಹೆಣ್ಣುಮಕ್ಕಳನ್ನು ಬಿಟ್ಟ ವಂಶವೃಕ್ಷ ಅಪೂರ್ಣ. 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕಿದೆ. ಇಂದು ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆ ನಾಳೆ ವ್ಯಾಜ್ಯವಾಗಿ ಮಕ್ಕಳ ತಲೆಗೆ ಬರುತ್ತದೆ.

ಮೂರು: ಸಿಕ್ಕಿದ್ದೆಲ್ಲ ಹೆಮ್ಮೆಯ ಸಂಗತಿಯೇ ಆಗಿರುವುದಿಲ್ಲ. ನಾವು ಮೂಲದವರೆಂದು ಹೇಳಿಕೊಂಡು ಬಂದ ಮನೆಗೆ ಅಜ್ಜ ಗೇಣಿಗೆ ಬಂದವನಿರಬಹುದು. ಪಾಲಿನಲ್ಲಿ ಒಬ್ಬ ವಿಧವೆಗೆ ಅನ್ಯಾಯವಾದದ್ದು ಪತ್ರದಲ್ಲಿ ಕಾಣಬಹುದು. ಅಂತಹ ಕಾಗದವನ್ನು ಹರಿದು ಹಾಕುವ ಆಸೆ ಬರುತ್ತದೆ. ಹಾಗೆ ಮಾಡಬಾರದು. ಅವಳ ಮೊಮ್ಮಕ್ಕಳೂ ನಮ್ಮವರೇ ಅಲ್ಲವೇ?

ಈಗ ಮಾಡಬೇಕಾದುದು

ಅಡಿಕೆ ಸುಲಿತ, ಕಾಫಿ ಕೊಯ್ಲು ಮುಗಿದು ಕೈಬಿಡುವಾದಾಗ ಒಂದು ದಿನ ಮೀಸಲಿಡಿ. ಮನೆಯ ಅತ್ಯಂತ ಹಿರಿಯರ ಪಕ್ಕದಲ್ಲಿ ಕುಳಿತು ಅವರು ಹೇಳಿದಂತೆಯೇ ಬರೆದುಕೊಳ್ಳಿ, ನಡುವೆ ತಿದ್ದಬೇಡಿ. ಅಜ್ಜಿಯರನ್ನು ಬೇರೆಯಾಗಿ ಕೇಳಿ. ಯಾರನ್ನು ಯಾವ ಊರಿಗೆ ಕೊಟ್ಟರು, ಯಾರನ್ನು ಎಲ್ಲಿಂದ ತಂದರು ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಪ್ರತಿ ಹೆಸರಿನ ಮುಂದೆ ಯಾರು ಹೇಳಿದ್ದು, ಯಾವ ಕಾಗದದಲ್ಲಿದೆ ಎಂದು ಬರೆಯಿರಿ. ಕಾಗದಗಳನ್ನು ಒಣ ಜಾಗದಲ್ಲಿ, ಒರಲೆ ಹತ್ತದಂತೆ ಇಡಿ. ಒಂದೊಂದು ನಕಲು ದಾಯಾದಿಗಳ ಮನೆಯಲ್ಲೂ ಇರಲಿ. ಆಮೇಲೆ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ.

ಹಳೆಯ ಮನೆಯನ್ನು ಉಳಿಸಿಕೊಳ್ಳಲು ಎಲ್ಲರಿಗೂ ಸಾಧ್ಯವಿಲ್ಲವೆಂಬುದನ್ನು ನಾವು ಬಲ್ಲೆವು. ಮಳೆಗಾಲಕ್ಕೆ ಮಾಡು ಸರಿಪಡಿಸುವ ಖರ್ಚೇ ಸಣ್ಣದಲ್ಲ. ಕಳಚಲೇಬೇಕಾದರೆ, ಕಳಚುವ ಮೊದಲು ಮೆತ್ತು ಹತ್ತಿ ಒಮ್ಮೆ ಹುಡುಕಿ, ಪ್ರತಿ ಕೋಣೆಯ ಫೋಟೋ ತೆಗೆದು, ಯಾವ ಕೋಣೆ ಯಾರದೆಂದು ಬರೆದಿಡಿ. ಇಷ್ಟಕ್ಕೆ ಒಂದು ದಿನ ಸಾಕು.