ಬೆಂಕಿಗೆ ಸ್ವಿಚ್ಚಿಲ್ಲ

ಸಕಲೇಶಪುರವನ್ನು ಬಿಟ್ಟ ರೈಲು ಘಟ್ಟವಿಳಿಯುವ ಮುನ್ನ ಎದುರಾಗುವ ನಿಲ್ದಾಣ ದೋಣಿಗಲ್. ಮುಂಗಾರು ಹಿಡಿದುಕೊಂಡಿತೆಂದರೆ ಈ ಸೀಮೆಯಲ್ಲಿ ಸೂರ್ಯದರ್ಶನವೇ ಅಪರೂಪ. ಒಗೆದ ಬಟ್ಟೆ ವಾರವಾದರೂ ಆರದು, ಗೋಡೆಗಳು ಬೆವರುತ್ತವೆ, ಕಂಬಳಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಇಂಥ ದಿನಗಳಲ್ಲಿ ಮಲೆನಾಡಿನ ಸಂಸಾರಗಳನ್ನು ಕಾಪಾಡಿಕೊಂಡು ಬಂದದ್ದು ಬಚ್ಚಲ ಒಲೆ. ಅದರ ಮೇಲಿನ ಹಂಡೆಗೆ ಬಾಯಿ ಉಂಟು. ಒಲೆ ಎಷ್ಟೇ ಉರಿದರೂ, ನೀರು ಎಷ್ಟೇ ಕುದಿದರೂ, ಆವಿ ತನ್ನ ಪಾಡಿಗೆ ತಾನು ಮೇಲೇರಿ ಹೋಗುತ್ತದೆ. ಹಂಡೆಯ ಕ್ಷೇಮವೆಲ್ಲ ಆ ತೆರೆದ ಬಾಯಿಯಲ್ಲಿದೆ.

ಈಗ ತೋಟದ ಮನೆಗಳ ರೂಪ ಬದಲಾಗುತ್ತಿದೆ. ಒಂದು ಬಚ್ಚಲಿದ್ದ ಕಡೆ ನಾಲ್ಕು ಸ್ನಾನದ ಕೋಣೆಗಳು. ಹೋಂಸ್ಟೇಗೆ ಬರುವ ಅತಿಥಿಗಳಿಗೆ ಬೇರೆ ಕೋಣೆಗಳು. ಹಂಡೆಯ ಬದಲು ಮುಚ್ಚಿದ ಬಾಯ್ಲರನ್ನಿಟ್ಟು, ಕೊಳವೆಗಳ ಮೂಲಕ ಬಿಸಿನೀರನ್ನು ಕೋಣೆಕೋಣೆಗೂ ಸುತ್ತಿಸಿ, ಅದೇ ಶಾಖದಿಂದ ಬಟ್ಟೆ ಆರಿಸುವ ಕೋಣೆಯನ್ನೂ ಬೆಚ್ಚಗಿಡಬಹುದಲ್ಲ ಎಂಬ ಯೋಚನೆ ಇಂಥ ಮನೆಗಳಲ್ಲಿ ಯಾರಿಗಾದರೂ ಬಂದೀತು. ಚಳಿದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಹೊಸದಲ್ಲ. ಅಲ್ಲಿನ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಒಂದು ಬಾಯ್ಲರೂ, ಅದರ ಪಕ್ಕದಲ್ಲಿ ಸಾಲಾಗಿ ಎರಡು ಮೂರು ಪುಟ್ಟ ಪಂಪುಗಳೂ ಇರುತ್ತವೆ. ಮನೆಯ ಒಂದೊಂದು ಭಾಗಕ್ಕೆ ಒಂದೊಂದು ಪಂಪು.

ಪಂಪು ಏಕೆ ಬೇಕು? ಕಾದ ನೀರು ಹಗುರವಾಗಿ ತಾನಾಗಿಯೇ ಮೇಲೇರುತ್ತದೆ. ಬೆಂಗಳೂರಿನ ತಾರಸಿಗಳ ಮೇಲಿನ ಸೌರ ಹೀಟರುಗಳಲ್ಲಿ ಹೆಚ್ಚಿನವು ಈ ಗುಣದಿಂದಲೇ ಪಂಪಿಲ್ಲದೆ ನಡೆಯುತ್ತವೆ. ಆದರೆ ಅಂಗಳದಾಚೆಯ ಕೋಣೆಗೆ, ಅಡ್ಡಕ್ಕೆ ಹಾದ ಉದ್ದನೆಯ ಕೊಳವೆಯಲ್ಲಿ, ನೀರು ತಾನಾಗಿ ಹರಿಯಲಾರದು. ಅದನ್ನು ತಳ್ಳುವ ಪಂಪು ದೊಡ್ಡದೇನಲ್ಲ. ಸಾಮಾನ್ಯ ಮನೆಗೆ ಒಂದು ಬಲ್ಬಿನಷ್ಟು ವಿದ್ಯುತ್ತು ಸಾಕು. ಪ್ರಶ್ನೆ ಇರುವುದು ಬಲದ್ದಲ್ಲ. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದರದು.

ಈ ಪ್ರಶ್ನೆಯನ್ನು ಬಿಡಿಸಲು ಮೊದಲು ತೊಡಗಿದವರಲ್ಲಿ ಒಬ್ಬ ಅಧ್ಯಾಪಕನಿದ್ದನೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತದ ಶಿಕ್ಷಕರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವಾರನ್ ಜಾನ್ಸನ್, ಕೋಣೆಯ ಶಾಖ ಹೆಚ್ಚುಕಡಿಮೆಯಾದಾಗ ನೆಲಮಾಳಿಗೆಯ ಆಳಿಗೆ ಗಂಟೆ ಬಾರಿಸಿ ತಿಳಿಸುವ ವಿದ್ಯುತ್ ಸಾಧನಕ್ಕೆ 1883ರಲ್ಲಿ ಪೇಟೆಂಟ್ ಪಡೆದನು. ಇಂದಿನ ಥರ್ಮಾಸ್ಟಾಟ್ ಆ ವಂಶದ ಕುಡಿ. ಅಂದು ಗಂಟೆ ಕೇಳಿ ಆಳು ಏಳುತ್ತಿದ್ದ. ಇಂದು ಆಳಿನ ಕೆಲಸವನ್ನು ರಿಲೇ ಮಾಡುತ್ತದೆ.

ತಂತಿಗಳ ಹೆಣಿಗೆ ತಿಳಿಯಲು ಕಷ್ಟವಾದುದಲ್ಲ. ಕೋಣೆ ತಣ್ಣಗಾದಾಗ ಅಲ್ಲಿನ ಥರ್ಮಾಸ್ಟಾಟ್ 24 ವೋಲ್ಟಿನ ಸಣ್ಣ ಮಂಡಲವನ್ನು ಕೂಡಿಸುತ್ತದೆ. ಆ ಸಣ್ಣ ವಿದ್ಯುತ್ತು ರಿಲೇಯ ಸುರುಳಿಯನ್ನು ಎಚ್ಚರಿಸುತ್ತದೆ. ರಿಲೇ 230 ವೋಲ್ಟಿನ ದೊಡ್ಡ ಮಂಡಲವನ್ನು ಕೂಡಿಸಿ, ಆ ಕೋಣೆಯ ಪಂಪನ್ನು ಮಾತ್ರ ಓಡಿಸುತ್ತದೆ. ಹೀಗೆ ಕೈಗೆ ತಾಗುವ ಸಾಧನದಲ್ಲಿ ಅಪಾಯದ ವಿದ್ಯುತ್ತಿರುವುದಿಲ್ಲ. ಎರಡು ಬಗೆಯ ತಂತಿಗಳನ್ನೂ ಒಂದೇ ಕೊಳವೆಯಲ್ಲಿ ಎಳೆಯಬಾರದೆಂಬ ನಿಯಮವೂ ಇದಕ್ಕೇ. ಒಂದು ಪಂಪು ತಳ್ಳಿದ ನೀರು ಪಕ್ಕದ, ಬೇಡದ ಕೋಣೆಗೆ ನುಗ್ಗದಂತೆ ಪ್ರತಿ ದಾರಿಯಲ್ಲೂ ಒಂದು ಏಕಮುಖ ಕವಾಟವಿರಬೇಕು.

ಚಳಿದೇಶದ ಬಾಯ್ಲರು ಅನಿಲದಿಂದಲೋ ಎಣ್ಣೆಯಿಂದಲೋ ಉರಿಯುವುದಾದರೆ, ಪಂಪನ್ನು ಓಡಿಸುವ ರಿಲೇಯೇ ಉರಿಯನ್ನೂ ಹೊತ್ತಿಸುತ್ತದೆ. ಕರೆಂಟು ಹೋದರೆ ಪಂಪೂ ನಿಂತಿತು, ಉರಿಯೂ ಆರಿತು. ತೋಟದ ಮನೆಯ ಬಾಯ್ಲರು ಉರಿಯುವುದು ಸೌದೆಯಿಂದ. ನಮ್ಮವರು ಇಲ್ಲಿ ಎಚ್ಚರ ತಪ್ಪಬಾರದು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಘಟ್ಟದ ಸೀಮೆಯಲ್ಲಿ ಹೊಸತಲ್ಲ. ಕರೆಂಟು ಹೋದೊಡನೆ ಪಂಪು ನಿಲ್ಲುತ್ತದೆ; ಒಲೆಯ ಕೊಳ್ಳಿ ನಿಲ್ಲುವುದಿಲ್ಲ. ಬೆಂಕಿಗೆ ಸ್ವಿಚ್ಚಿಲ್ಲ. ಮುಚ್ಚಿದ ಪಾತ್ರೆಯಲ್ಲಿ ನಿಂತ ನೀರು ಕಾಯುತ್ತಲೇ ಹೋಗುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆಂಬುದನ್ನು ನೆನೆದರೆ, ಬಾಯಿಲ್ಲದ ಹಂಡೆ ಎಂಥ ವಸ್ತುವೆಂಬುದು ಮನಸ್ಸಿಗೆ ಬಂದೀತು.

ಇದಕ್ಕೆ ಪರಿಹಾರ ತಂತಿಯಲ್ಲೇ ಉಂಟು, ಆದರೆ ತಿರುಗುಮುರುಗಾಗಿ. ಬಾಯ್ಲರಿಗಿಂತ ಎತ್ತರದಲ್ಲಿ ಶಾಖ ಬಿಡುವ ಒಂದು ದೊಡ್ಡ ಫಲಕವನ್ನಿಟ್ಟು, ಅದರ ದಾರಿಯಲ್ಲಿ ಒಂದು ವಿಶೇಷ ಕವಾಟವನ್ನು ಕೂರಿಸುತ್ತಾರೆ. ಅದನ್ನು ಮುಚ್ಚಿ ಹಿಡಿದಿರುವುದು ವಿದ್ಯುತ್ತು. ವಿದ್ಯುತ್ತು ಹೋದೊಡನೆ ಸ್ಪ್ರಿಂಗು ಅದನ್ನು ತೆರೆಯುತ್ತದೆ. ಕಾದ ನೀರು ಪಂಪಿನ ಹಂಗಿಲ್ಲದೆ ಮೇಲೇರಿ, ತಣಿದು, ಹಿಂದಿರುಗುತ್ತದೆ. ಆ ದಾರಿಗೆ ಕೈಯಿಂದ ಮುಚ್ಚುವ ಕವಾಟ ಇರಲೇಬಾರದು. ಇದಲ್ಲದೆ ಒತ್ತಡ ಮೀರಿದಾಗ ತಾನಾಗಿ ತೆರೆಯುವ ರಕ್ಷಾಕವಾಟ ಬಾಯ್ಲರಿಗೆ ಬೇಕೇ ಬೇಕು.

ಘಟ್ಟದ ರೈಲುಮಾರ್ಗಗಳನ್ನು ಬಲ್ಲವರಿಗೆ ಈ ಯುಕ್ತಿ ಪರಿಚಿತವೆನಿಸೀತು. ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ ಹಳಿ 50 ಅಡಿ ಸಾಗಿದರೆ ಒಂದಡಿ ಇಳಿಯುವಷ್ಟು ಕಡಿದು. ಇಂಥ ಇಳಿಜಾರುಗಳಲ್ಲಿ ಹಿಡಿತ ತಪ್ಪಿದ ಬಂಡಿಯನ್ನು ಏರುಮುಖದ ಪಕ್ಕದ ಹಳಿಗೆ ತಿರುಗಿಸಿ ನಿಲ್ಲಿಸುವ ಏರ್ಪಾಡು ಬಹುಕಾಲದಿಂದ ರೂಢಿಯಲ್ಲಿದೆ. ಹಳಿಯ ಕೂಡುಗೆ ಸದಾ ಆ ಪಕ್ಕದ ದಾರಿಗೇ ತಿರುಗಿಕೊಂಡಿರುತ್ತದೆ; ಬಂಡಿ ಹತೋಟಿಯಲ್ಲಿದೆಯೆಂದು ಖಾತರಿಯಾದ ಮೇಲಷ್ಟೇ ಮುಂದಿನ ದಾರಿ ತೆರೆಯುತ್ತದೆ. ಯಾರೂ ಏನೂ ಮಾಡದಿದ್ದಾಗ ಕ್ಷೇಮದ ದಾರಿಯೇ ತೆರೆದಿರಬೇಕು ಎಂಬುದೇ ಎರಡರ ತಿರುಳು.

ಇಂಥ ಏರ್ಪಾಟನ್ನು ಮಾಡಿಸಿಕೊಳ್ಳುವ ಗೃಹಸ್ಥರು ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್‌ನಿಂದಲೇ ಕೆಲಸ ಮಾಡಿಸಬೇಕು. ಭೂಸಂಪರ್ಕವನ್ನೂ, ವಿದ್ಯುತ್ ಸೋರಿದಾಗ ತಾನೇ ಕಡಿದುಹಾಕುವ ಸ್ವಿಚ್ಚನ್ನೂ ಮರೆಯಬಾರದು. ಕೆಲಸ ಮುಗಿದ ದಿನ, ಅವನು ಹೊರಡುವ ಮುನ್ನ, ಒಲೆಯಲ್ಲಿ ಸಣ್ಣ ಉರಿ ಹಾಕಿಸಿ ಮನೆಯ ಮೇನ್ ಸ್ವಿಚ್ಚನ್ನು ಆರಿಸಬೇಕು. ಕಾಲು ಗಂಟೆಯೊಳಗೆ ಮೇಲಿನ ಫಲಕ ತಾನಾಗಿ ಬಿಸಿಯೇರಿದರೆ ಕೂಲಿ ಕೊಡಬಹುದು. ಏರದಿದ್ದರೆ, ಹಳೆಯ ಹಂಡೆಯನ್ನು ಅಟ್ಟಕ್ಕೆ ಹಾಕುವ ಕಾಲ ಇನ್ನೂ ಬಂದಿಲ್ಲವೆಂದೇ ಅರ್ಥ.