ಏಳು ಹಾಲಿಗೆ ಆರು ಕಲ್ದಾರ

ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಕಂಚಿನದು, ನಟ್ಟನಡುವೆ ತೂತು. ಹೈದರಾಬಾದ್ ಸಂಸ್ಥಾನದ ಎರಡು ಪೈ ನಾಣ್ಯವಿದು. ಇಂಥವು ಆರು ಸೇರಿದರೆ ಒಂದಾಣೆ, ತೊಂಬತ್ತಾರು ಸೇರಿದರೆ ಒಂದು ರೂಪಾಯಿ. ಯುದ್ಧಕಾಲದಲ್ಲಿ, 1943ರ ಸುಮಾರಿಗೆ, ಚಲಾವಣೆಗೆ ಬಂತು. ಅದೇ ಹೊತ್ತಿಗೆ ಬ್ರಿಟಿಷರ ಪೈಸೆಗೂ ತೂತು ಬಿತ್ತು, ಲೋಹ ಉಳಿಸಬೇಕಿತ್ತು.

ರಾಯಚೂರು, ಗುಲಬರ್ಗಾ, ಬೀದರದ ಕನ್ನಡಿಗರ ಕೈಯಲ್ಲಿ ಓಡಾಡಿದ್ದು ಈ ಹಾಲಿ ಸಿಕ್ಕಾ. ಹಾಲಿ ಶಾಸಕರು ಅನ್ನುತ್ತೇವಲ್ಲ, ಅದೇ ಹಾಲಿ: ಸದ್ಯಕ್ಕೆ ನಡೆಯುವ ಹಣ. ಬ್ರಿಟಿಷರ ರೂಪಾಯಿಗೆ ಕಲ್ದಾರ ಎಂಬ ಹೆಸರು. ತುಂಗಭದ್ರೆಯ ಈಚೆ ದಡ ನಿಜಾಮರದು, ಆಚೆಯ ಮಂತ್ರಾಲಯ ಮದ್ರಾಸ್ ಪ್ರಾಂತ್ಯದ್ದು. ರಾಯರ ದರ್ಶನಕ್ಕೆಂದು ಹೊಳೆ ದಾಟಿದವರ ಏಳು ರೂಪಾಯಿಗೆ ಆಚೆ ದಡದಲ್ಲಿ ಆರೇ ರೂಪಾಯಿಯ ಬೆಲೆ.

ಹೈದರಾಬಾದಿನ ಗುರುತು ಚಾರ್ಮಿನಾರ್. 20ನೇ ಶತಮಾನದ ಆರಂಭದಿಂದ ಅದು ಬೆಳ್ಳಿ ನಾಣ್ಯಗಳ ಮೇಲೆ ಬಂತು. ಬಾಗಿಲ ಕಮಾನಿನೊಳಗೆ ದೊರೆಯ ಹೆಸರಿನ ಒಂದೇ ಅಕ್ಷರ: ಮಹಬೂಬ್ ಅಲಿ ಖಾನರಿಗೆ ಮೀಮ್, ಉಸ್ಮಾನ್ ಅಲಿ ಖಾನರಿಗೆ ಐನ್. ಹೈದರಾಬಾದನ್ನೇ ಕಾಣದ ಮಾನ್ವಿಯ, ಚಿಂಚೋಳಿಯ ಹೆಣ್ಣುಮಗಳ ಸೆರಗಿನ ಗಂಟಿನಲ್ಲೂ ಚಾರ್ಮಿನಾರ್ ಇರಬಹುದಿತ್ತು.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ನಿಜಾಮರ ನೋಟುಗಳ ಮೇಲೆ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಇತ್ತು. ಚಿಲ್ಲರೆ ಕಾಸಿನ ಮೇಲೆ ನಮ್ಮ ಒಂದಕ್ಷರವೂ ಇರಲಿಲ್ಲ. ನೋಟು ಹಿಡಿಯುವಷ್ಟು ಗಳಿಕೆ ಕೂಲಿಯವರಿಗೆ ಎಲ್ಲಿಂದ ಬರಬೇಕು? ಅವರು ಹಣವನ್ನು ಬೆರಳಿನಿಂದಲೇ ಓದಿಕೊಳ್ಳಬೇಕಾಗಿತ್ತು: ತೂತಿದ್ದರೆ ಎರಡು ಪೈ, ಚೌಕವಿದ್ದರೆ ಒಂದಾಣೆ.

ನಿಜಾಮ ಸಿಕಂದರ್ ಜಾಹ್ ಕಾಲದಲ್ಲಿ, 1803ರಲ್ಲಿ, ಹೈದರಾಬಾದಿನ ಸುಲ್ತಾನ್‌ಶಾಹಿಯಲ್ಲಿ ಶುರುವಾದ ಸಂಸ್ಥಾನದ ಟಂಕಸಾಲೆ 1903ರಲ್ಲಿ ಸೈಫಾಬಾದಿಗೆ ಬಂತು. 1950ರಲ್ಲಿ ಭಾರತ ಸರ್ಕಾರದ್ದಾಯಿತು. ಮರುವರ್ಷ ಹಾಲಿ ಸಿಕ್ಕಾ ಹೊರಡಿಸುವುದು ನಿಂತರೂ 1959ರವರೆಗೆ ಅದಕ್ಕೆ ಬೆಲೆಯಿತ್ತು. 1997ರಲ್ಲಿ ಅಚ್ಚಿನ ಕೆಲಸ ಚೆರ್ಲಪಲ್ಲಿಗೆ ಹೋಯಿತು.

ನಿಮ್ಮ ಜೇಬಿನ ಚಿಲ್ಲರೆಯನ್ನು ಒಮ್ಮೆ ತಿರುವಿ ನೋಡಿ. ಇಸವಿಯ ಕೆಳಗೆ ಐದು ಮೊನೆಯ ಪುಟ್ಟ ನಕ್ಷತ್ರ ಕಂಡರೆ, ಅದು ಹೈದರಾಬಾದಿನಲ್ಲಿ ಅಚ್ಚಾದದ್ದು.