ಪಾತ್ರದಿಂದ ಹೊರಟ ಗಾಯಕ

ನಟನಿಗೂ ಪಾತ್ರಕ್ಕೂ ಇರುವ ನಂಟು ರಂಗಭೂಮಿಯಲ್ಲಿ ತೆರೆ ಬಿದ್ದೊಡನೆ ಕಳಚಿಕೊಳ್ಳುವಂಥದು. ದೂರದರ್ಶನದಲ್ಲಿ, ಅದರಲ್ಲಿಯೂ ಮಕ್ಕಳ ಕಾರ್ಯಕ್ರಮಗಳಲ್ಲಿ, ಅದು ಅಷ್ಟು ಸುಲಭವಾಗಿ ಕಳಚುವುದಿಲ್ಲ. ಅಮೆರಿಕೆಯ ಸ್ಟೀವ್ ಬರ್ನ್ಸ್ ಅವರ ವೃತ್ತಿಜೀವನ ಇದಕ್ಕೆ ಒಂದು ನಿದರ್ಶನ.

1996ರ ಸೆಪ್ಟೆಂಬರಿನಲ್ಲಿ ನಿಕಲೋಡಿಯನ್ ವಾಹಿನಿಯಲ್ಲಿ ಆರಂಭವಾದ 'ಬ್ಲೂಸ್ ಕ್ಲೂಸ್' ಶಾಲೆಗೆ ಸೇರುವ ಮುನ್ನಿನ ಎಳೆಯರಿಗಾಗಿ ರೂಪಿತವಾದ ಕಾರ್ಯಕ್ರಮ. ನೀಲಿ ನಾಯಿಮರಿಯೊಂದು ತನ್ನ ಪಂಜದ ಗುರುತನ್ನು ಮೂರು ಕಡೆ ಬಿಟ್ಟುಹೋಗುತ್ತದೆ. ಹಸಿರು ಪಟ್ಟೆಗಳ ಅಂಗಿ ತೊಟ್ಟ ಸ್ಟೀವ್ ಆ ಸುಳಿವುಗಳನ್ನು ಕೂಡಿಸಿ ಅದರ ಮನದಿಂಗಿತವನ್ನು ಊಹಿಸುತ್ತಾನೆ. ಕಥೆ ಇಷ್ಟೇ. ಕಾರ್ಯಕ್ರಮದ ಜೀವಾಳವಿದ್ದುದು ಕಥೆಯಲ್ಲಲ್ಲ, ಮೌನದಲ್ಲಿ. ಸ್ಟೀವ್ ಕ್ಯಾಮರಾವನ್ನು ನೇರವಾಗಿ ನೋಡಿ ಪ್ರಶ್ನೆ ಕೇಳುತ್ತಾನೆ. ಎಲ್ಲಿಯೋ ಮನೆಯಲ್ಲಿ ಕುಳಿತ ಮಗು ಉತ್ತರಿಸುವಷ್ಟು ಹೊತ್ತು ಸುಮ್ಮನೆ ಕಾಯುತ್ತಾನೆ. ನಾಯಿಯೂ ಮನೆಯೂ ಚಿತ್ರೀಕರಣದ ಅನಂತರ ಗಣಕಯಂತ್ರದಿಂದ ಸೇರಿಸಿದವು. ಎದುರಿಗಿಲ್ಲದ ನಾಯಿಯೊಡನೆ, ಕಾಣದ ಮಗುವಿನೊಡನೆ ಮಾತನಾಡಿ ಆ ಮಾತನ್ನು ನಂಬಿಸುವುದು ಸಾಮಾನ್ಯ ಅಭಿನಯವಲ್ಲ. ಮಕ್ಕಳಿಗೆ ಸಂಬಂಧಿಸಿದ್ದೆಂಬ ಒಂದೇ ಕಾರಣಕ್ಕೆ ವಿಮರ್ಶೆ ಇಂಥ ಕಲೆಯನ್ನು ಬದಿಗಿರಿಸುತ್ತ ಬಂದಿರುವುದು ವಿಷಾದನೀಯ.

ಬರ್ನ್ಸ್ 2001ರಲ್ಲಿ ಚಿತ್ರೀಕರಣ ಮುಗಿಸಿ ಹೊರಬಂದರು. 2002ರ ಏಪ್ರಿಲ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಸ್ಟೀವ್ ಕಾಲೇಜಿಗೆ ಹೊರಟುಹೋಗುತ್ತಾನೆ. ಅವನ ತಮ್ಮ ಜೋ ಆ ಸ್ಥಾನಕ್ಕೆ ಬರುತ್ತಾನೆ. ಕೂದಲು ಉದುರತೊಡಗಿದ್ದನ್ನೂ ಬರ್ನ್ಸ್ ಒಂದು ಕಾರಣವಾಗಿ ಹೇಳಿದ್ದುಂಟು. ನಗುಮೊಗದ ಆ ವರ್ಷಗಳಲ್ಲಿ ತಾವು ತೀವ್ರ ಖಿನ್ನತೆಯಿಂದ ಬಳಲುತ್ತಿದ್ದುದನ್ನು ಅವರು ಬಹಿರಂಗಪಡಿಸಿದ್ದು 2022ರಲ್ಲಿ.

ಮುಂದೆ ಅವರು ಹಿಡಿದದ್ದು ಇಂಡೀ ರಾಕ್ ಸಂಗೀತದ ದಾರಿ, ಎಂದರೆ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹಂಗಿನಿಂದ ದೂರವಿರಬಯಸುವ ಸಂಗೀತ. 'ಫ್ಲೇಮಿಂಗ್ ಲಿಪ್ಸ್' ತಂಡದ 1999ರ 'ದ ಸಾಫ್ಟ್ ಬುಲೆಟಿನ್' ಎಂಬ ಹಾಡುಗಳ ಸಂಪುಟಕ್ಕೆ ಮಾರುಹೋಗಿದ್ದ ಅವರು, ಅದರ ನಿರ್ಮಾಪಕ ಡೇವ್ ಫ್ರಿಡ್‌ಮನ್ ಹಾಗೂ ಅದೇ ತಂಡದ ಸ್ಟೀವನ್ ಡ್ರೋಜ್ಡ್ ಅವರ ನೆರವಿನಿಂದ 2003ರಲ್ಲಿ 'ಸಾಂಗ್ಸ್ ಫಾರ್ ಡಸ್ಟ್‌ಮೈಟ್ಸ್' ಹೊರತಂದರು.

ಈ ತಿರುವನ್ನು ಬಾಲಲೋಕದ ನಿರಾಕರಣೆ ಎಂದು ಓದುವುದು ಸುಲಭ; ಆದರೆ ಅದು ಸರಿಯಾದ ಓದಲ್ಲ. ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದ ನುಸಿಗಳಿಗಾಗಿ ಹಾಡುಗಳು! ಶೀರ್ಷಿಕೆಯೇ ಅತಿ ಕಿರಿದಾದುದನ್ನು ಕುರಿತದ್ದು. ಅದರಲ್ಲಿನ 'ಮೈಟಿ ಲಿಟ್ಲ್ ಮ್ಯಾನ್' ಎಂಬ ಹಾಡಿನ ಹೆಸರೂ ಪುಟ್ಟವನ ಪರಾಕ್ರಮವನ್ನೇ ಸೂಚಿಸುತ್ತದೆ. 2017ರಲ್ಲಿ ಅದು 'ಯಂಗ್ ಶೆಲ್ಡನ್' ಧಾರಾವಾಹಿಯ ಶೀರ್ಷಿಕೆ ಗೀತೆಯಾಯಿತೆಂಬುದು ಆಕಸ್ಮಿಕವಿರಲಾರದು, ಏಕೆಂದರೆ ಆ ಧಾರಾವಾಹಿಯ ನಾಯಕನೂ ಒಬ್ಬ ಬಾಲಕ. ಅದೇ ವರ್ಷ ಡ್ರೋಜ್ಡ್ ಅವರೊಡನೆ ಬರ್ನ್ಸ್ ಹೊರತಂದ 'ಫಾರೆವ್ರಿವೇರ್' ನೇರವಾಗಿ ಮಕ್ಕಳದೇ ಸಂಪುಟ. ಬದಲಾದುದು ಮಾಧ್ಯಮ, ಕಿರಿಯದರ ಮೇಲಿನ ಗಮನ ಹಾಗೆಯೇ ಉಳಿಯಿತು. ಒಂದು ನಷ್ಟವಂತೂ ಇತ್ತು: ತಾಳಕ್ಕೆ ಕಟ್ಟುಬಿದ್ದ ಹಾಡಿನಲ್ಲಿ ಕೇಳುಗನ ಉತ್ತರಕ್ಕಾಗಿ ಕಾಯುವ ಎಡೆಯಿಲ್ಲ.

ಕಾರ್ಯಕ್ರಮಕ್ಕೆ 25 ವರ್ಷ ತುಂಬಿದ 2021ರ ಸೆಪ್ಟೆಂಬರಿನಲ್ಲಿ ಬರ್ನ್ಸ್ ಪುಟ್ಟ ದೃಶ್ಯಸಂದೇಶವೊಂದರಲ್ಲಿ ಮತ್ತೆ ಸ್ಟೀವ್ ಆಗಿ ಕಾಣಿಸಿಕೊಂಡು, ಅಂದು ಥಟ್ಟನೆ ಹೊರಟುಹೋದ ಬಗ್ಗೆ ಈಗ ಬೆಳೆದು ನಿಂತ ಆ ಮಕ್ಕಳೊಡನೆ ಮಾತನಾಡಿದರು. ಅದರ ಬಗ್ಗೆ ಮಾತನಾಡಬಹುದೇ ಎಂದು ಕೇಳಿ, ಹಿಂದಿನಂತೆಯೇ ಒಂದು ಗಳಿಗೆ ಕಾದರು.